ಗೆಲ್ಲುವುದು ನಾಯಕನೇ ಎಂದು ಗೊತ್ತಿದ್ದೂ ನಾವೇಕೆ ನೋಡುತ್ತೇವೆ?



ಸಾಹಸ ಚಿತ್ರವೊಂದಕ್ಕೆ ಟಿಕೆಟ್ ಕೊಳ್ಳುವ ಹೊತ್ತಿಗೇ ಅದರ ಕೊನೆ ನಿಮಗೆ ಗೊತ್ತಿರುತ್ತದೆ. ನಾಯಕ ಗೆಲ್ಲುತ್ತಾನೆ, ಖಳನಾಯಕ ಮಣ್ಣು ಮುಕ್ಕುತ್ತಾನೆ. ನಡುವೆ ಐದೋ ಆರೋ ಹಾಡು, ನಾಲ್ಕು ಹೊಡೆದಾಟ, ತಂಗಿಗೊಂದು ಕಷ್ಟ, ತಾಯಿಯ ಕಣ್ಣೀರು, ಹಾಸ್ಯನಟನ ಎರಡು ಪ್ರಸಂಗ. ಗಣಿತದ ಸೂತ್ರದಲ್ಲಿ ಬೆಲೆಗಳನ್ನು ತುಂಬಿದರೆ ಉತ್ತರ ಬರುವ ಹಾಗೆ ಇಲ್ಲಿಯೂ ಹೆಸರು, ಊರು, ಉದ್ಯೋಗ ಬದಲಿಸಿದರೆ ಹೊಸ ಚಿತ್ರ ಸಿದ್ಧ. ಆದ್ದರಿಂದಲೇ ಇವನ್ನು 'ಸೂತ್ರದ ಚಿತ್ರಗಳು' ಎನ್ನುತ್ತೇವೆ.

ಹಾಗಾದರೆ ಗೊತ್ತಿರುವ ಉತ್ತರಕ್ಕಾಗಿ ಎರಡೂವರೆ ಗಂಟೆ ಕೂರುವುದೇಕೆ? ನೋಡುವವರು ದಡ್ಡರು ಎಂದುಬಿಡುವುದು ಸುಲಭ. ಆ ಮಾತು ಸುಳ್ಳು ಕೂಡ. ಈ ಚಿತ್ರಗಳಲ್ಲಿ ನಮ್ಮನ್ನು ಹಿಡಿದು ಕೂರಿಸುವ ನಿಜವಾದ ಶಕ್ತಿಯೊಂದಿದೆ. ಅವು ಎಂದೂ ದಾಟಲಾರದ ಎಲ್ಲೆಯೊಂದೂ ಇದೆ. ಎರಡನ್ನೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ನೆಲದ ಮೇಲೆ ನಿಂತು ನೋಡೋಣ. ಅದಕ್ಕೊಂದು ಕಾರಣವಿದೆ, ಮುಂದೆ ತಿಳಿಯುತ್ತದೆ.

ಆಟೋ ಚಾಲಕನ ಗುಟ್ಟು

ಸೂತ್ರದ ಅತ್ಯಂತ ಅಚ್ಚುಕಟ್ಟಾದ ಉದಾಹರಣೆ ಬೇಕಿದ್ದರೆ 1995ರ ಜನವರಿಯಲ್ಲಿ ತೆರೆಕಂಡ ತಮಿಳು ಚಿತ್ರ 'ಬಾಷಾ'ವನ್ನು ತೆಗೆದುಕೊಳ್ಳಿ. ನಿರ್ದೇಶಕರು ಸುರೇಶ್ ಕೃಷ್ಣ, ನಾಯಕ ರಜನಿಕಾಂತ್. ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1950ರಲ್ಲಿ. ಸಿನಿಮಾಕ್ಕೆ ಬರುವ ಮೊದಲು ಅಲ್ಲಿಯೇ ಬಸ್ ಕಂಡಕ್ಟರ್ ಆಗಿದ್ದವರು.

ಕಥೆ ಇಷ್ಟು. ಮಾಣಿಕ್ಕಂ ಎಂಬ ಆಟೋ ಚಾಲಕ ಬಹಳ ಸಾಧು. ಯಾರು ಬೈದರೂ ನಗುತ್ತಾನೆ. ಕಂಬಕ್ಕೆ ಕಟ್ಟಿ ಹೊಡೆದರೂ ಕೈ ಎತ್ತುವುದಿಲ್ಲ. ಆದರೆ ತಂಗಿಯ ಮೇಲೆ ಕೈ ಬಿದ್ದ ದಿನ ಅವನ ಕಣ್ಣು ಬದಲಾಗುತ್ತದೆ. ಆಗ ಕಥೆ ಹಿಂದಕ್ಕೆ ಹೋಗುತ್ತದೆ: ಈ ಸಾಧು ಮನುಷ್ಯ ಒಂದು ಕಾಲದಲ್ಲಿ ಮುಂಬಯಿಯನ್ನು ನಡುಗಿಸಿದ ಮಾಣಿಕ್ ಬಾಷಾ! ಕಥೆಯ ಎಳೆಗೆ 1991ರ ಹಿಂದಿ ಚಿತ್ರ 'ಹಮ್' ಪ್ರೇರಣೆ. ಅದರಲ್ಲಿ ರಜನಿಕಾಂತ್ ಸ್ವತಃ ಅಮಿತಾಭ್ ಬಚ್ಚನ್ ಅವರ ತಮ್ಮನಾಗಿ ನಟಿಸಿದ್ದರು.

ಈ ಸೂತ್ರ ಬೈಲಹೊಂಗಲಕ್ಕೆ ತಮಿಳು ಮಾತನಾಡುತ್ತಾ ಬರಲಿಲ್ಲ. 1960ರ ದಶಕದಿಂದ ಕರ್ನಾಟಕದಲ್ಲಿ ಪರಭಾಷಾ ಚಿತ್ರಗಳಿಗೆ ಕನ್ನಡದ ಧ್ವನಿ ಜೋಡಿಸಿ ಬಿಡುಗಡೆ ಮಾಡುವ ರೂಢಿ ನಿಂತುಹೋಗಿತ್ತು. ಹಾಗಾಗಿ ಬೇರೆ ಭಾಷೆಯಲ್ಲಿ ಗೆದ್ದ ಕಥೆ ಕನ್ನಡದಲ್ಲಿ ಮತ್ತೆ ಚಿತ್ರೀಕರಣಗೊಂಡೇ ಬರಬೇಕಿತ್ತು. 'ಬಾಷಾ' 2001ರಲ್ಲಿ ವಿಷ್ಣುವರ್ಧನ್ ನಾಯಕರಾದ 'ಕೋಟಿಗೊಬ್ಬ' ಆಯಿತು. ನಿರ್ದೇಶಕರ ಹೆಸರು ನಾಗಣ್ಣ. ಈ ಹೆಸರನ್ನು ನೆನಪಿಡಿ. ಮುಂದೆ, 2015ರಲ್ಲಿ, ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ ಆದೇಶಿಸಿತು. ಅನಂತರ ಅಜಿತ್ ನಟಿಸಿದ ತಮಿಳು ಚಿತ್ರಗಳು 'ಸತ್ಯದೇವ್ ಐಪಿಎಸ್' (2017), 'ಜಗಮಲ್ಲ' (2019) ಎಂಬ ಹೆಸರಿನಲ್ಲಿ ಕನ್ನಡ ಮಾತನಾಡಿದವು. ದಾರಿ ಬದಲಾಯಿತು, ಸೂತ್ರ ಬದಲಾಗಲಿಲ್ಲ.

ನ್ಯೂಟನ್ ಒಪ್ಪದ ಹೊಡೆತ

ಮೊದಲು ಹೊಡೆದಾಟವನ್ನೇ ಬಿಚ್ಚಿ ನೋಡೋಣ. ನಾಯಕ ಒಂದು ಗುದ್ದು ಕೊಡುತ್ತಾನೆ, ಎದುರಾಳಿ ಹಾರಿ ಐದು ಮೀಟರ್ ದೂರದ ತರಕಾರಿ ಗಾಡಿಯ ಮೇಲೆ ಬೀಳುತ್ತಾನೆ. ಇದು ಸಾಧ್ಯವೇ? ನಿಮ್ಮ ಭೌತಶಾಸ್ತ್ರದ ಪುಸ್ತಕ ತೆಗೆಯಿರಿ.

ಗುದ್ದುವ ಕೈಯ ದ್ರವ್ಯರಾಶಿ 3 ಕಿಲೋಗ್ರಾಂ, ಅದರ ವೇಗ ಸೆಕೆಂಡಿಗೆ 8 ಮೀಟರ್ ಎಂದು ಇಟ್ಟುಕೊಳ್ಳಿ. ಸಂವೇಗ 3 × 8 = 24. ಅಷ್ಟೂ ಸಂವೇಗ 70 ಕಿಲೋಗ್ರಾಂ ತೂಕದ ಎದುರಾಳಿಗೆ ವರ್ಗವಾದರೂ ಅವನಿಗೆ ಸಿಗುವ ವೇಗ 24 ÷ 70, ಅಂದರೆ ಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್. ಸಂತೆಯಲ್ಲಿ ನಿಧಾನವಾಗಿ ನಡೆಯುವ ಅಜ್ಜನ ವೇಗಕ್ಕಿಂತಲೂ ಕಡಿಮೆ! ಅವನ ದವಡೆ ಮುರಿಯಬಹುದು, ಅವನು ಕುಸಿದು ಬೀಳಬಹುದು, ಆದರೆ ಹಾರಲಾರ.

ಐದು ಮೀಟರ್ ಹಾರಬೇಕಾದರೆ, 45 ಡಿಗ್ರಿ ಕೋನದಲ್ಲಿ ಚಿಮ್ಮಿದರೂ, ಕನಿಷ್ಠ ಸೆಕೆಂಡಿಗೆ 7 ಮೀಟರ್ ವೇಗ ಬೇಕು. ಆಗ ಸಂವೇಗ 70 × 7 = 490. ಕೈ ಕೊಟ್ಟದ್ದಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚು. ಇಲ್ಲಿ ನ್ಯೂಟನ್ನನ ಮೂರನೆಯ ನಿಯಮ ಬಂದು ಬಾಗಿಲು ತಟ್ಟುತ್ತದೆ. ಪ್ರತಿ ಕ್ರಿಯೆಗೂ ಸಮನಾದ ವಿರುದ್ಧ ಪ್ರತಿಕ್ರಿಯೆ ಇರಲೇಬೇಕಲ್ಲ? ಎದುರಾಳಿಗೆ ಅಷ್ಟು ಸಂವೇಗ ಕೊಟ್ಟ ನಾಯಕನಿಗೂ ಅಷ್ಟೇ ಸಂವೇಗ ಹಿಮ್ಮುಖವಾಗಿ ಬರಬೇಕು. ಗಾಳಿಯಲ್ಲಿ ಜಿಗಿದು ಒದೆಯುವ ನಾಯಕ, ಅವನ ತೂಕವೂ ಅಷ್ಟೇ ಇದ್ದರೆ, ಅಷ್ಟೇ ವೇಗದಲ್ಲಿ ಹಿಂದಕ್ಕೆ ಹಾರಬೇಕು. ತೆರೆಯ ಮೇಲೆ ಅವನ ತಲೆಗೂದಲು ಕೂಡ ಕದಲುವುದಿಲ್ಲ.

ಹಾಗಾದರೆ ಎದುರಾಳಿ ಹಾರಿದ್ದು ಹೇಗೆ? ಅವನ ಅಂಗಿಯ ಒಳಗೆ ಸೊಂಟಪಟ್ಟಿ, ಅದಕ್ಕೆ ತೆಳುವಾದ ಉಕ್ಕಿನ ತಂತಿ, ತಂತಿಯ ಆ ತುದಿಯಲ್ಲಿ ಹಗ್ಗ ಜಗ್ಗುವ ನಾಲ್ಕಾರು ಜನ. ಹಿಂದೆ ತಂತಿ ಕಾಣದಂತೆ ಬೆಳಕನ್ನು ಹೊಂದಿಸುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ.

ಇನ್ನೂ ಮೂರು ಉಪಾಯಗಳಿವೆ. ಒಂದು, ಕ್ಯಾಮೆರಾ ನಿಲ್ಲುವ ಜಾಗ. ಮುಷ್ಟಿಗೂ ಕೆನ್ನೆಗೂ ನಡುವೆ ಒಂದು ಗೇಣು ಅಂತರವಿರುತ್ತದೆ; ಏಟು ತಿನ್ನುವವನ ಬೆನ್ನ ಹಿಂದೆ ಕ್ಯಾಮೆರಾ ಇಟ್ಟರೆ ಆ ಗೇಣು ಕಾಣುವುದಿಲ್ಲ. ಎರಡು, ಕಾಲದ ಆಟ. ಚಿತ್ರ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ. ಹೊಡೆದಾಟವನ್ನು 18 ಚೌಕಟ್ಟುಗಳ ವೇಗದಲ್ಲಿ ಸೆರೆಹಿಡಿದು 24ರಲ್ಲಿ ತೋರಿಸಿದರೆ, 0.4 ಸೆಕೆಂಡಿನ ಗುದ್ದು 0.3 ಸೆಕೆಂಡಿನಲ್ಲಿ ಮುಗಿಯುತ್ತದೆ. ನಾಯಕ ಮಿಂಚಾಗುತ್ತಾನೆ. ಬದಲಿಗೆ 72 ಚೌಕಟ್ಟುಗಳಲ್ಲಿ ಸೆರೆಹಿಡಿದರೆ ಅರ್ಧ ಸೆಕೆಂಡಿನ ಬೀಳುವಿಕೆ ಒಂದೂವರೆ ಸೆಕೆಂಡಾಗುತ್ತದೆ. ಖಳನ ಅವಮಾನವನ್ನು ನೀವು ನಿಧಾನವಾಗಿ ಸವಿಯಬಹುದು. ಮೂರು, ಶಬ್ದ. ನಿಜವಾದ ಗುದ್ದಿಗೆ ದೊಡ್ಡ ಸದ್ದಿಲ್ಲ. ಆ 'ಢಿಶುಂ' ಹುಟ್ಟುವುದು ಧ್ವನಿಮುದ್ರಣದ ಕೊಠಡಿಯಲ್ಲಿ. ಸಂಕಲನದ ಮೇಜಿನ ಮುಂದೆ ನಾವು ಇದನ್ನು ದಿನವೂ ಕಾಣುತ್ತೇವೆ: ಶಬ್ದ ತೆಗೆದರೆ ಯಾವ ಶೂರನೂ ಗಾಳಿಗೆ ಕೈ ಬೀಸುವವನಂತೆ ಕಾಣುತ್ತಾನೆ.

ಸೆಳೆತದ ಬೇರು ಎಲ್ಲಿದೆ?

ಇಷ್ಟು ತಿಳಿದ ಮೇಲೂ ನಾವು ಶಿಳ್ಳೆ ಹೊಡೆಯುತ್ತೇವೆ. ಏಕೆಂದರೆ ಸೆಳೆತ ಇರುವುದು ತಂತಿಯಲ್ಲಲ್ಲ.

ನಿಮ್ಮ ಕಡೆಯ ದೊಡ್ಡಾಟವನ್ನು ನೆನೆಯಿರಿ. ರಾಜವೇಷದ ಪಾತ್ರ ರಂಗಕ್ಕೆ ಬಂದ ಕೂಡಲೇ ಕಥೆ ಮುಂದೆ ಸಾಗುವುದಿಲ್ಲ. ಕುಣಿತ ಆಗಬೇಕು, ಸಾರಥಿ ಎದುರು ನಿಂತು 'ತಾವು ಯಾರು, ಯಾವ ದೇಶದವರು' ಎಂದು ವಿಚಾರಿಸಬೇಕು, ಪಾತ್ರ ತನ್ನ ಬಿರುದುಬಾವಲಿಗಳನ್ನೆಲ್ಲ ತಾನೇ ಸಾರಬೇಕು. ಬಂದವನು ಯಾರೆಂದು ಊರಿಗೆಲ್ಲ ಗೊತ್ತು. ಆದರೂ ಕೇಳಬೇಕು, ಹೇಳಬೇಕು. ಈಗ ತಾರಾನಾಯಕನ ಪ್ರವೇಶ ದೃಶ್ಯಕ್ಕೆ ಬನ್ನಿ. ಮೊದಲು ಪಾದ, ಆಮೇಲೆ ಕೈ, ಬೆನ್ನು, ಕೊನೆಗೆ ಮುಖ, ಒಂದು ಹಾಡು, ತಾನು ಯಾರೆಂದು ಸಾರುವ ಒಂದು ಮಾತು. ಭುಜಕೀರ್ತಿ ಕಿರೀಟಗಳ ಜಾಗದಲ್ಲಿ ಕಪ್ಪು ಕನ್ನಡಕ ಬಂದಿದೆ, ಅಷ್ಟೆ.

ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರನನ್ನು ನೆನೆಯಿರಿ. ಪುರವಂತರು ಒಡಪು ಹೇಳುವಾಗ ಕಥೆ ಏನು? ದಕ್ಷನು ಶಿವನನ್ನು ಯಜ್ಞಕ್ಕೆ ಕರೆಯದೆ ಅವಮಾನಿಸುತ್ತಾನೆ. ದಾಕ್ಷಾಯಿಣಿ ಅಗ್ನಿಗೆ ಆಹುತಿಯಾಗುತ್ತಾಳೆ. ಅಲ್ಲಿಯವರೆಗೆ ಸುಮ್ಮನಿದ್ದ ಶಿವನ ಜಟೆಯಿಂದ ವೀರಭದ್ರ ಸಿಡಿಯುತ್ತಾನೆ. ಸಹನೆ, ಅವಮಾನ, ಮನೆಯ ಹೆಣ್ಣಿಗೆ ಕೇಡು, ಆಮೇಲೆ ಉಗ್ರರೂಪ. 'ಬಾಷಾ'ದ ಕಥೆಯ ಎಲುಬಿನ ಗೂಡು ಇದೇ ಅಲ್ಲವೇ? ಪುರವಂತರ ಕತ್ತಿಯ ಕುಣಿತ ನೋಡುವವರಲ್ಲಿ ಯಾರೂ 'ದಕ್ಷ ಗೆದ್ದರೆ ಗತಿಯೇನು' ಎಂದು ಆತಂಕಪಡುವುದಿಲ್ಲ. ಗೊತ್ತಿರುವುದು ಗೊತ್ತಿರುವ ಹಾಗೆಯೇ ನಡೆಯುವುದರಲ್ಲೊಂದು ಸುಖವಿದೆ, ಧೈರ್ಯವಿದೆ.

ಇನ್ನೊಂದು ಕಾರಣ ನಿಮ್ಮ ಮನೆಯಲ್ಲೇ ಇರಬಹುದು. ಪಹಣಿಯಲ್ಲಿ ಒಂದು ಹೆಸರು ತಿದ್ದಿಸಲು ತಂದೆ ಎಷ್ಟು ಸಲ ಕಚೇರಿಗೆ ಅಲೆದಿದ್ದಾರೆ? ಹೊಲದ ಬದುವಿನ ಜಗಳ ಎಷ್ಟು ವರ್ಷದಿಂದ ಕೋರ್ಟಿನಲ್ಲಿದೆ? ನಿಜ ಜೀವನದಲ್ಲಿ ನ್ಯಾಯ ಎತ್ತಿನ ಗಾಡಿಯಲ್ಲಿ ಬರುತ್ತದೆ. ತೆರೆಯ ಮೇಲೆ ಅದು ಎರಡೂವರೆ ಗಂಟೆಯಲ್ಲಿ ಬಂದು ನಿಮ್ಮ ಕಣ್ಣ ಮುಂದೆಯೇ ಲೆಕ್ಕ ಚುಕ್ತಾ ಮಾಡುತ್ತದೆ. ಆ ಶಿಳ್ಳೆ ನಾಯಕನಿಗೆ ಮಾತ್ರ ಹೊಡೆದದ್ದಲ್ಲ. ನಮಗೆ ಸಿಗದೆ ಹೋದ ನ್ಯಾಯಕ್ಕೂ ಹೊಡೆದದ್ದು. ಸೂತ್ರವನ್ನು ಗೇಲಿ ಮಾಡುವವರು ಇದನ್ನು ಮರೆಯಬಾರದು.

ಸೂತ್ರಕ್ಕೆ ಒಗ್ಗದ ರಾಯಣ್ಣ

ಈಗ ಎಲ್ಲೆಯ ಮಾತು. ಮೇಲೆ ನೆನಪಿಡಲು ಹೇಳಿದ ಹೆಸರಿಗೆ ಬರೋಣ. 'ಕೋಟಿಗೊಬ್ಬ' ನಿರ್ದೇಶಿಸಿದ ನಾಗಣ್ಣನವರೇ 2012ರಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರವನ್ನೂ ನಿರ್ದೇಶಿಸಿದರು. ದರ್ಶನ್ ರಾಯಣ್ಣ, ಜಯಪ್ರದಾ ಚೆನ್ನಮ್ಮ. ಬಿಡುಗಡೆಯಾದದ್ದು ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಒಬ್ಬರೇ ನಿರ್ದೇಶಕರು, ಎರಡೂ ತಾರಾನಾಯಕರ ಚಿತ್ರಗಳು. ಆದರೆ ಎರಡನೆಯ ಕಥೆಯನ್ನು ಬರೆದವರು ಚಿತ್ರಕಥೆಗಾರರಲ್ಲ, ಬೈಲಹೊಂಗಲ ಮತ್ತು ಕಿತ್ತೂರಿನ ನೆಲದ ಇತಿಹಾಸ.

ಆ ಇತಿಹಾಸ ಏನು ಹೇಳುತ್ತದೆ? 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ದತ್ತುಪುತ್ರನ ಹಕ್ಕನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಕಿತ್ತೂರು ಗೆದ್ದಿತು. ಸೂತ್ರದ ಚಿತ್ರ ಇಲ್ಲಿಗೆ ಮುಗಿಯಬೇಕು: ಜಯಭೇರಿ, ಗುಂಪಿನ ಹರ್ಷೋದ್ಗಾರ, 'ಶುಭಂ'.

ಇತಿಹಾಸಕ್ಕೆ 'ಶುಭಂ' ಎಂಬ ಫಲಕವಿಲ್ಲ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ತಂದಿತು. ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಬಂದಿಯಾಗಿ 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ರಾಯಣ್ಣ ಕಾಡುಗುಡ್ಡಗಳಲ್ಲಿ ಜನ ಕಟ್ಟಿಕೊಂಡು ಹೋರಾಟ ಮುಂದುವರಿಸಿದ. ನಮ್ಮವರೇ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಈ ಕೊನೆಯನ್ನು ಯಾವ ತಾರೆಗಾಗಿಯೂ ಬದಲಿಸಲು ಬರುವುದಿಲ್ಲ. ತಾರಾನಾಯಕನ ಚಿತ್ರದ ಮೊದಲ ಪ್ರವೇಶದಿಂದ ಪ್ರೇಕ್ಷಕ ಒಂದು ಕರಾರು ಮಾಡಿಕೊಂಡಿರುತ್ತಾನೆ: ಇವನು ಸೋಲುವುದಿಲ್ಲ. ರಾಯಣ್ಣನ ಬದುಕು ಆ ಕರಾರನ್ನು ಮುರಿಯುತ್ತದೆ. ಇಲ್ಲಿ ಎದುರಿಗಿದ್ದವನು ಒಬ್ಬ ಖಳನಲ್ಲ, ಒಂದು ವ್ಯವಸ್ಥೆ. ಥ್ಯಾಕರೆ ಸತ್ತರೆ ಇನ್ನೊಬ್ಬ ಕಲೆಕ್ಟರ್ ಬರುತ್ತಾನೆ. ಸೂತ್ರದಲ್ಲಿ ಹಾಗಾಗುವುದಿಲ್ಲ, ಮಾರ್ಕ್ ಆಂಟನಿ ಬಿದ್ದರೆ ಅನ್ಯಾಯವೂ ಅವನ ಜೊತೆಗೇ ಬೀಳುತ್ತದೆ.

ಸೋತವನು ಮರೆತು ಹೋದನೇ? ಇಲ್ಲ. ಲಾವಣಿಕಾರರು ಅವನನ್ನು ಹಾಡಿದರು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನದೂ ಇದೆ. ನಂದಗಡದಲ್ಲಿ ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟುತ್ತಾರೆ. ಗೆದ್ದವರನ್ನಷ್ಟೇ ನಾಯಕರೆನ್ನುವ ಸೂತ್ರಕ್ಕಿಂತ ನಿಮ್ಮ ಊರಿನ ಜನರ ತಿಳಿವಳಿಕೆ ದೊಡ್ಡದು.

ಬೈಲಹೊಂಗಲದ್ದೇ ಇನ್ನೊಂದು ಕಥೆ 'ಸಂಗ್ಯಾ ಬಾಳ್ಯಾ'. ಊರೂರಲ್ಲಿ ಆಡಿದ ಈ ಸಣ್ಣಾಟದ ಕೊನೆಯೂ ಎಲ್ಲರಿಗೂ ಗೊತ್ತು: ಸಂಗ್ಯಾ ಸಾಯುತ್ತಾನೆ, ಅದರಲ್ಲಿ ಗೆಳೆಯ ಬಾಳ್ಯಾನ ಕೈವಾಡವಿದೆ. ಆದರೆ ಇಲ್ಲಿ ನಾಯಕ ಯಾರು, ಖಳ ಯಾರು? ಸಂಗ್ಯಾ ಪರರ ಹೆಂಡತಿಗೆ ಮನಸೋತವನು. ಈರ್ಯಾ ಮೋಸಹೋದ ಗಂಡ, ಕೊಲೆಗಾರನೂ ಹೌದು. ಗಂಗಿಯ ಬಗ್ಗೆ ಮರುಕ ಪಡಬೇಕೋ ಸಿಟ್ಟಾಗಬೇಕೋ ತಿಳಿಯದು. ನೋಡಿದವರು ಬೆಳಗಿನ ಜಾವ ಮನೆಗೆ ಹೋಗುವಾಗ ಶಿಳ್ಳೆ ಹೊಡೆಯುವುದಿಲ್ಲ, ವಾದ ಮಾಡುತ್ತಾರೆ. ಕೊನೆ ಮೊದಲೇ ಗೊತ್ತಿರುವುದು ದೋಷವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ನೋಡಿದ ಮೇಲೆ ಯೋಚಿಸಲು ಏನೂ ಉಳಿಯದಿರುವುದು ದೋಷ.

ಚೌಕಟ್ಟಿನ ಹೊರಗೆ ಉಳಿದದ್ದು

ಸೂತ್ರದ ಚಿತ್ರ ಮೂರು ಸಂಗತಿಗಳನ್ನು ಚೌಕಟ್ಟಿನ ಹೊರಗಿಡುತ್ತದೆ.

ಮೊದಲನೆಯದು, ಹೊಡೆತದ ಮರುದಿನ. ತೆರೆಯ ಮೇಲೆ ನಲವತ್ತು ಜನ ಬಿದ್ದರೂ ಆಸ್ಪತ್ರೆಯಿಲ್ಲ, ಪಂಚನಾಮೆಯಿಲ್ಲ, ಅಳುವ ತಾಯಿಯಿಲ್ಲ. ಆ ನಲವತ್ತು ಜನರಿಗೆ ಹೆಸರೂ ಇಲ್ಲ. ನಿಜದಲ್ಲಿ ಹೇಗಿರುತ್ತದೆ? 1939ರ ಏಪ್ರಿಲ್‌ನಲ್ಲಿ ರಾಮದುರ್ಗ ಸಂಸ್ಥಾನದಲ್ಲಿ ಪ್ರಜೆಗಳ ಚಳವಳಿ ನಡೆದಾಗ ನಾಯಕರ ಬಂಧನದಿಂದ ಕೆರಳಿದ ಜನ ಜೈಲಿಗೆ ಮುತ್ತಿಗೆ ಹಾಕಿದರು. ಘರ್ಷಣೆಯಲ್ಲಿ ಪೊಲೀಸರು ಪ್ರಾಣ ಕಳೆದುಕೊಂಡರು. ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಆದರೆ ಮರುದಿನ ಬಂತು: ಬಂಧನ, ಮೊಕದ್ದಮೆ, ಕಠಿಣ ಶಿಕ್ಷೆ. ಗಾಂಧೀಜಿಯವರು ಆ ಹಿಂಸೆಯನ್ನು ಒಪ್ಪಲಿಲ್ಲ. ಎಷ್ಟೋ ಮನೆಗಳಿಗೆ ಆ ಒಂದು ದಿನ ವರ್ಷಗಟ್ಟಲೆ ಮುಗಿಯಲಿಲ್ಲ.

ಎರಡನೆಯದು, ಗುಂಪು. ಸೂತ್ರದ ಚಿತ್ರದಲ್ಲಿ ರೈತರು, ಕೂಲಿಗಳು, ಆಟೋದವರು ಇರುತ್ತಾರೆ. ಆದರೆ ಕೈ ಮುಗಿಯಲು, ಹೆದರಲು, ಕೊನೆಯಲ್ಲಿ ನಾಯಕನನ್ನು ಹೆಗಲ ಮೇಲೆ ಹೊರಲು. ಹೆಣ್ಣುಮಕ್ಕಳ ಪಾಲೂ ಹೆಚ್ಚು ಕಡಿಮೆ ಇಷ್ಟೇ. ಅವರಿಗೆ ಕೇಡಾಗಬೇಕು, ಅದರಿಂದ ನಾಯಕನಿಗೆ ಕೋಪ ಬರಬೇಕು. ಚೆನ್ನಮ್ಮನ ನಾಡಿನ ಹುಡುಗಿಯರು ಇದನ್ನು ಪ್ರಶ್ನಿಸದೆ ಇರಬಾರದು. 1980ರಲ್ಲಿ ಏನಾಯಿತೆಂದು ನಿಮ್ಮ ಹಿರಿಯರನ್ನು ಕೇಳಿ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಅಣೆಕಟ್ಟೆಯಿಂದ ನೀರು ಹರಿಯುವ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದರು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಆ ಕಿಚ್ಚಿನಿಂದ ರಾಜ್ಯದಲ್ಲಿ ರೈತ ಸಂಘಟನೆ ಬಲಗೊಂಡಿತು. 1983ರ ಚುನಾವಣೆಯಲ್ಲಿ ಸರ್ಕಾರವೇ ಬದಲಾಯಿತು. ಅಲ್ಲಿ ಕಪ್ಪು ಕನ್ನಡಕದ ನಾಯಕನೊಬ್ಬ ಬಂದು ಕಾಪಾಡಲಿಲ್ಲ. ಸಭೆ ಕರೆದವರು, ರೊಟ್ಟಿ ಕಟ್ಟಿಕೊಂಡು ಮೆರವಣಿಗೆಗೆ ಹೋದವರು, ಕರ ಕಟ್ಟೆವೆಂದು ನಿಂತವರು ಸಾವಿರಾರು ಜನ. 'ಯಾರೋ ಒಬ್ಬ ಬರುತ್ತಾನೆ' ಎಂದು ಕಾಯುವ ಅಭ್ಯಾಸವೇ ಸೂತ್ರ ನಮಗೆ ಮಾಡುವ ದೊಡ್ಡ ನಷ್ಟ.

ಮೂರನೆಯದು, ದೇಹ. ತೆರೆಯ ಮೇಲೆ ನಾಯಕ ಎತ್ತರದಿಂದ ನೀರಿಗೆ ಹಾರಿ ಕೂದಲು ಕೊಡವಿಕೊಂಡು ಮೇಲೆ ಬರುತ್ತಾನೆ. 20 ಮೀಟರ್ ಎತ್ತರದಿಂದ ಬಿದ್ದವನು ನೀರನ್ನು ತಾಗುವಾಗ ಅವನ ವೇಗ ಸೆಕೆಂಡಿಗೆ ಸುಮಾರು 20 ಮೀಟರ್, ಅಂದರೆ ಗಂಟೆಗೆ 70 ಕಿಲೋಮೀಟರಿಗೂ ಹೆಚ್ಚು. ಆ ವೇಗದಲ್ಲಿ ನೀರು ಮೆತ್ತಗಿರುವುದಿಲ್ಲ. 2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಚಿತ್ರಕ್ಕಾಗಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಮೂವರು ನಟರು ಹೆಲಿಕಾಪ್ಟರಿನಿಂದ ಹಾರಿದರು. ನಾಯಕ ನಟ ಬದುಕಿದರು. ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಅವರು ವ್ಯಾಯಾಮದಿಂದ ಮೈ ಕಟ್ಟಿದ ಗಟ್ಟಿ ಯುವಕರು, ತೆರೆಯ ಮೇಲೆ ಖಳರಾಗಿ ಎಷ್ಟೋ ಏಟು ತಿಂದು ಎದ್ದವರು. ಆ ದಿನ ಏಳಲಿಲ್ಲ. ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿ, ಕಾಲುವೆಯ ಸೇತುವೆಯ ಮೇಲೆ ಗೆಳೆಯರು 'ಹಾರು ನೋಡೋಣ' ಎಂದಾಗ ಇದು ನೆನಪಿರಲಿ. ಅಲ್ಲಿ ತಂತಿ ಇಲ್ಲ, ಎರಡನೆಯ ಸಲ ಚಿತ್ರೀಕರಿಸುವ ಅವಕಾಶವೂ ಇಲ್ಲ.

ನೀವೇ ಮಾಡಿ ನೋಡಿ

ಸಾಹಸ ಚಿತ್ರ ನೋಡಬೇಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ನೋಡಿ, ಶಿಳ್ಳೆಯನ್ನೂ ಹೊಡೆಯಿರಿ. ಜೊತೆಗೆ ಈ ನಾಲ್ಕು ಕೆಲಸ ಮಾಡಿ.

1. ದೂರದರ್ಶನದಲ್ಲಿ ಹೊಡೆದಾಟ ಬಂದಾಗ ಒಂದು ನಿಮಿಷ ಧ್ವನಿ ನಿಲ್ಲಿಸಿ. ಎಷ್ಟು ಗುದ್ದುಗಳು ನಿಜವಾಗಿ ತಾಗುತ್ತವೆ, ಆ ನಿಮಿಷದಲ್ಲಿ ದೃಶ್ಯ ಎಷ್ಟು ಸಲ ಕತ್ತರಿಸಿದೆ, ಎಣಿಸಿ.

2. ಎದುರಾಳಿ ಎಷ್ಟು ದೂರ ಹಾರಿದನೆಂದು ಅಂದಾಜು ಮಾಡಿ, ಬೇಕಾದ ವೇಗವನ್ನೂ ಸಂವೇಗವನ್ನೂ ಲೆಕ್ಕ ಹಾಕಿ. ಉತ್ತರವನ್ನು ನಿಮ್ಮ ಭೌತಶಾಸ್ತ್ರದ ಮೇಷ್ಟರಿಗೆ ತೋರಿಸಿ.

3. ಗುಂಪಿನಲ್ಲಿರುವ ಯಾವನಾದರೊಬ್ಬನನ್ನು ಆರಿಸಿಕೊಳ್ಳಿ. ಅವನ ಹೆಸರೇನು, ಮನೆ ಎಲ್ಲಿ, ಏಟು ತಿಂದ ಮರುದಿನ ಅವನ ಮನೆಯಲ್ಲಿ ಏನಾಯಿತು ಎಂದು ಒಂದು ಪುಟ ಬರೆಯಿರಿ.

4. ಸಂಗೊಳ್ಳಿಗೋ ಕಿತ್ತೂರಿನ ಕೋಟೆಗೋ ಬೈಲಹೊಂಗಲದ ಚೆನ್ನಮ್ಮನ ಸಮಾಧಿಗೋ ಹೋಗಿ ಬನ್ನಿ. ಅಕ್ಟೋಬರ್ 23ರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನೀವು ಡಿಸೆಂಬರಿನ ಕಥೆಯನ್ನು ಕೇಳಿ.

ಸೋಲು ಖಚಿತವಾದ ಮೇಲೂ ರಾಯಣ್ಣ ಏಕೆ ನಿಲ್ಲಲಿಲ್ಲ ಎಂಬ ಪ್ರಶ್ನೆಗೆ ಸೂತ್ರದಲ್ಲಿ ಉತ್ತರವಿಲ್ಲ. ನಿಮ್ಮ ಉತ್ತರವನ್ನು ತರಗತಿಯಲ್ಲಿ ನಾಲ್ಕು ಜನರ ಮುಂದಿಟ್ಟು ಚರ್ಚಿಸಿ.